ಬಾಲದ ಬುಡದ ಕಣ್ಣು

ಮೀನಿನ ಜಾತಿ ಗುರುತಿಸಿದವನು ಅವನು, ಮೀನು ಒಲಿದದ್ದು ಮಾತ್ರ ಹೊಲಿಗೆ ಅಕ್ಕನಿಗೆ. ಇದು ಯಾವ ನ್ಯಾಯ?

ಮನೆ ಖಾಲಿ ಮಾಡಿದ ನೆರೆಯವರು ಅಕ್ಕನಿಗೆ ಬಿಟ್ಟುಹೋದ ಮೀನು ಅದು. ಮನೆಮನೆಗೆ ಹೋಗಿ ಗಾಜಿನ ತೊಟ್ಟಿ ತೊಳೆಯುವುದು ಅವನ ಕಸುಬು. ಬಗ್ಗಿ ನೋಡಿದ ಕೂಡಲೇ ಹೇಳಿದ್ದ: "ಆಸ್ಕರ್ ಅನ್ನೋ ಜಾತಿ ಕಣಕ್ಕ. ಕಪ್ಪು ಮೈ, ಕಿತ್ತಳೆ ಮಚ್ಚೆ, ದಪ್ಪ ತುಟಿ. ಬಾಲದ ಬುಡದಲ್ಲಿ ಇನ್ನೊಂದು ಕಣ್ಣಿದ್ದ ಹಾಗೆ ಬಳೆ ಇದೆ ನೋಡಿ, ಅದೇ ಗುರುತು." ಏನು ತಿನ್ನಿಸಬೇಕು, ನೀರು ಹೇಗಿರಬೇಕು, ಎಲ್ಲ ಹೇಳಿಕೊಟ್ಟವನೂ ಅವನೇ. ಆದರೆ ಅಕ್ಕ ಹೊಲಿಗೆ ಮಷೀನು ಬಿಟ್ಟು ಎದ್ದರೆ ಸಾಕು, ಮೀನು ಗಾಜಿಗೆ ಮೂತಿ ಒತ್ತಿ ಬಾಲ ಬಡಿಯುತ್ತಿತ್ತು. ಅವನನ್ನು ಕಂಡರೆ ಕಲ್ಲಿನ ಮರೆ ಸೇರುತ್ತಿತ್ತು. ಅವನ ಕೋಣೆಗೆ ಬೀಗ ಹಾಕುವವನೂ ಅವನೇ, ತೆಗೆಯುವವನೂ ಅವನೇ. ಸಂಜೆ ಹೋದಾಗ ಎದುರುಗೊಳ್ಳುವ ಒಂದು ಜೀವ ಬೇಕೆನ್ನಿಸಿತ್ತು, ಅದೂ ಇದೇ ಜೀವ. ಇಷ್ಟು ಅಕ್ಕರೆಯ ಮೀನು ಲಕ್ಷಕ್ಕೊಂದು ಎಂದು ಅವನ ನಂಬಿಕೆ.

ಕೇಳಿದರೆ ಕೊಡುವವಳಲ್ಲ. ಕದ್ದರೆ ಗೊತ್ತಾಗುತ್ತದೆ. ಉಳಿದದ್ದು ಅದಲುಬದಲು.

ಅದೇನು ಸುಲಭವೇ? ಅಕ್ಕನದು ಹದ್ದಿನ ಕಣ್ಣು. ಎರಡು ಕಪ್ಪು ದಾರಗಳನ್ನು ಹಿಡಿದು ಇದು ಬೇರೆ, ಅದು ಬೇರೆ ಎನ್ನುವವಳು. ಆಸ್ಕರ್‌ಗಳಲ್ಲೋ ಒಂದರ ಮಚ್ಚೆ ಇನ್ನೊಂದಕ್ಕಿರದು. ಅವನು ಸಾಕುಮೀನಿನ ಅಂಗಡಿಗಳನ್ನೆಲ್ಲ ಜಾಲಾಡಿ, ಕೆನ್ನೆಯ ಮೇಲೆ ಅದೇ ಕೊಕ್ಕೆ, ಬೆನ್ನಿನ ಮೇಲೆ ಅದೇ ಮುರುಕು ಗೆರೆ ಇದ್ದ ಒಂದನ್ನು ಹುಡುಕಿದ. ಗಾತ್ರ ಮಾತ್ರ ಚಿಕ್ಕದು. ತಿಂಗಳುಗಟ್ಟಲೆ ಕೋಣೆಯಲ್ಲಿಟ್ಟು, ಕೈಯಾರೆ ಸೀಗಡಿ ತಿನ್ನಿಸಿ, ಅಳತೆಗೆ ತಂದ. ಬಣ್ಣ ಏರಿತು, ಬಾಲದ ಬಳೆ ತುಂಬಿಕೊಂಡಿತು. ಇನ್ನು ಹೆತ್ತವರಿಗೂ ಗುರುತು ಸಿಗದು ಎಂದು ತನ್ನಷ್ಟಕ್ಕೇ ನಕ್ಕ.

ನೀರು ಬದಲಿಸುವ ದಿನ ಮುಚ್ಚಳದ ಬಕೆಟ್‌ಗಳು ಅವನ ಕೈಯಲ್ಲಿ ಇದ್ದೇ ಇರುತ್ತವೆ. ಒಳಕೋಣೆಯಲ್ಲಿ ಅಕ್ಕ ಯಾರಿಗೋ ರವಿಕೆಯ ಅಳತೆ ತೆಗೆಯುತ್ತಿದ್ದಳು. ಒಂದು ಮೀನು ಒಳಗೆ, ಒಂದು ಹೊರಗೆ. ಆಮೇಲೆ ಅವಳು ಬಂದು ತೊಟ್ಟಿಗೆ ಬಗ್ಗಿ, "ಸ್ನಾನ ಆಯ್ತೇನೋ ರಾಜಾ?" ಎಂದಳು, ಅಷ್ಟೆ. ಬೀದಿಗೆ ಬಂದ ಅವನಿಗೆ ಹಾಲು ಕುಡಿದಷ್ಟು ಸಂತೋಷ.

ಮನೆಗೆ ತಂದ ರಾಜ ಮಾತ್ರ ಕಲ್ಲಿನ ಹಿಂದಿನಿಂದ ಹೊರಬರಲಿಲ್ಲ. ಹಾಕಿದ ಸೀಗಡಿ ಹಾಗೇ ಕೊಳೆಯಿತು. ಹೊಸ ಜಾಗ, ಒಗ್ಗಲಿ ಎಂದುಕೊಂಡ. ಕೋಣೆ ಮೊದಲಿಗಿಂತ ಬಿಕೋ ಎನ್ನುತ್ತಿತ್ತು. ಏಕೆಂದು ಅವನಿಗೆ ಹೊಳೆಯಲಿಲ್ಲ.

ಮುಂದಿನ ಸಲ ಹೋದಾಗ ಅಕ್ಕ ಮಷೀನು ತುಳಿಯುತ್ತಲೇ ಹೇಳಿದಳು: "ಯಾಕೋ ಅದು ನನ್ನ ಮುಖ ನೋಡ್ತಿಲ್ಲಪ್ಪ. ಮನೇಲಿ ಮಾತಾಡೋಕೆ ಇರೋದು ಅದೊಂದೇ, ಅದೂ ಮುನಿಸಿಕೊಂಡ್ರೆ ಹೇಗೆ?"

"ನೀರು ಬದಲಾದ್ರೆ ಹಾಗೇ ಅಕ್ಕ," ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬ್ರಷ್ ಹಿಡಿದು ತೊಟ್ಟಿಯ ಬಳಿ ಹೋದ.

ಮೂಲೆಯಲ್ಲಿ ಮುದುಡಿದ್ದ ಮೀನು ಅವನನ್ನು ಕಂಡದ್ದೇ ತಡ, ನೀರು ಚಿಮ್ಮಿಸುತ್ತ ಓಡಿಬಂತು. ಅವನು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ; ಬೆರಳು ಕಂಡಲ್ಲೆಲ್ಲ ಬಾಯಿ ತೆರೆಯಿತು. ತಿಂಗಳುಗಟ್ಟಲೆ ಪ್ರತಿ ಸಂಜೆ ಇದು ತನ್ನನ್ನು ಹೀಗೇ ಎದುರುಗೊಳ್ಳುತ್ತಿತ್ತು, ತಾನೋ ಅದರ ಮಚ್ಚೆ ಅಳೆಯುವುದರಲ್ಲೇ ಮುಳುಗಿದ್ದೆ ಎಂದು ಅವನಿಗೆ ಆಗ ಹೊಳೆಯಿತು. ಹಿಂದೆ ಮಷೀನಿನ ಸದ್ದು ನಿಂತಿತ್ತು. "ಇದನ್ನ ಎಷ್ಟು ದಿನ ಸಾಕಿದ್ದೆ ನೀನು?" ಅಕ್ಕ ಮೆಲ್ಲಗೆ ಕೇಳಿದಳು. "ನನ್ನದು ಎಲ್ಲಿ?"