ಯಾರ ಮೊಳ?

"ಯಾರ್ರೀ ಈ ಕಟ್ಟೆ ಕಟ್ಟಿದ್ದು? ಇಲ್ಲಿ ಅಡುಗೆ ಮಾಡೋದು ನಮ್ಮಮ್ಮ, ಆನೆ ಅಲ್ಲ!"

ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಡುವುದನ್ನೂ ಮರೆತು ಆದಿಲಕ್ಷ್ಮಿ ಕೂಗಿದಳು. ಸೋದರತ್ತೆಯ ಮನೆಯ ಮದುವೆಗೆಂದು ನೆಲಮಂಗಲಕ್ಕೆ ಹೋಗಿದ್ದವಳು ಆಗಷ್ಟೇ ದೊಡ್ಡಬಳ್ಳಾಪುರಕ್ಕೆ ಮರಳಿದ್ದಳು.

ಮನೆಗೆ ಮೊದಲ ಸಲ ಗ್ಯಾಸ್ ಒಲೆ ಬರುವುದಿತ್ತು. ಮಂಡಿನೋವಿನ ಅಮ್ಮ ಇನ್ನಾದರೂ ನಿಂತು ಅಡುಗೆ ಮಾಡಲಿ ಎಂದು ಹಿತ್ತಲಲ್ಲಿ ಹೊಸ ಅಡುಗೆಮನೆ ಎಬ್ಬಿಸಿದ್ದರು. ಈಗ ನೋಡಿದರೆ ಒಲೆ ಇಡುವ ಕಟ್ಟೆ ಅಮ್ಮನ ಎದೆಮಟ್ಟಕ್ಕಿದೆ! ಅಮ್ಮ ಲಕ್ಷ್ಮೀದೇವಮ್ಮ ಪಾಪ, ತುದಿಗಾಲಲ್ಲಿ ನಿಂತು ನೋಡುತ್ತಿದ್ದರು.

ಗೋಡೆಯ ಹಿಂದಿನಿಂದ ಎತ್ತರದ ಯುವಕನೊಬ್ಬ ಬಂದ. ಕೈತುಂಬ ಸಿಮೆಂಟು, ಮುಖದ ತುಂಬ ಗಾಬರಿ.

"ನಾನೇ ರೀ, ನಂದಕುಮಾರ್. ಎರಡು ಮೊಳ ಇರ್ಲಿ ಅಂತ ನೀವೇ ತಾನೇ ನಿಮ್ಮಪ್ಪನ ಹತ್ರ ಹೇಳಿ ಹೋಗಿದ್ದು? ಅಳೆದೇ ಕಟ್ಟಿದೀನಿ!"

"ಹೇಗೆ ಅಳೆದ್ರಿ?"

ಅವನು ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದ. ಆ ಉದ್ದನೆಯ ಕೈ ನೋಡಿ ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ! ನಾನು ಹೇಳಿದ್ದು ನನ್ನ ಮೊಳ ಕಣ್ರೀ! ನಿಮ್ಮ ಮೊಳ ಅಲ್ಲ!"

ಗಲಾಟೆ ಕೇಳಿ ಬಂದ ಅಪ್ಪ ಅಪ್ಪಯ್ಯಣ್ಣ ತಲೆ ಕೆರೆದುಕೊಂಡರು. ಬದುಕಿಡೀ ಸೀರೆಯನ್ನು ಮೊಳದಲ್ಲಿ ಅಳೆದವರು, ಯಾರ ಮೊಳ ಎಂದು ಹೇಳಬೇಕಾದೀತೆಂದು ಅವರಿಗೆ ಹೊಳೆದೇ ಇರಲಿಲ್ಲ! ಮಗ್ಗ ಬಿಟ್ಟು ಕಟ್ಟಡದ ಕೆಲಸ ಹಿಡಿದಿದ್ದ ನಂದಕುಮಾರನೂ ನೇಕಾರರ ಮನೆಯವನೇ. ಅವನಿಗೂ ಹೊಳೆದಿರಲಿಲ್ಲ.

"ಒಡೆದು ಕಟ್ಕೊಡ್ತೀನಿ. ಅದಕ್ಕೆ ಕೂಲಿ ಬೇಡ," ಎಂದ ಅವನು.

ಅವಳ ಕೋಪ ಅಲ್ಲಿಗೇ ಅರ್ಧ ಇಳಿಯಿತು.

ಮರುದಿನ ಅವನು ಕೆಂಪು ರೇಷ್ಮೆ ದಾರ ಹಿಡಿದು ನಿಂತ. ಅಮ್ಮ, ಮಗಳು ಒಂದೇ ಎತ್ತರ. ಅಮ್ಮನ ಕೈ ಹಿಟ್ಟಾಗಿದ್ದರಿಂದ ಆದಿಲಕ್ಷ್ಮಿಯೇ ಗೋಡೆಗೆ ಕೈ ಚಾಚಿದಳು. ಅವನು ತಾಕದಂತೆ ದಾರ ಹಿಡಿದು ಅಳೆದ. ತಾಕಲಿಲ್ಲ ನಿಜ... ಆದರೂ ಅವಳ ಎದೆಬಡಿತದ ಮುಂದೆ ಪಕ್ಕದ ಮಗ್ಗದ ಕೋಣೆಯ ಪವರ್‌ಲೂಮಿನ ಸದ್ದೂ ಸಣ್ಣದಾಯಿತು!

ಆಮೇಲೆ ದಿನಾ ಅಡುಗೆಮನೆಯದೇ ಚರ್ಚೆ. ಅಪ್ಪ ಕೂಡಿಟ್ಟಿದ್ದು ಅಷ್ಟಕ್ಕಷ್ಟೇ. ಅಷ್ಟರಲ್ಲೇ ಎಲ್ಲ ಆಗಬೇಕು.

"ಕಟ್ಟೆಗೆ ಗ್ರಾನೈಟ್ ಬೇಡ, ಕಡಪ ಕಲ್ಲು ಸಾಕು. ಕಪಾಟೂ ಬೇಡ, ಗೋಡೇಲಿ ಗೂಡು ಬಿಡಿ. ಉಳಿದ ದುಡ್ಡಲ್ಲಿ ಮಗ್ಗದ ಕಡೆಗೆ ಗಾಜಿನ ಕಿಟಕಿ ಇಡಿ," ಎಂದಳು ಆದಿಲಕ್ಷ್ಮಿ.

"ಗಾಜೇ ಯಾಕೆ?"

"ಬರೀ ಕಿಟಕಿ ಆದ್ರೆ ನೂಲಿನ ಧೂಳು ಅನ್ನಕ್ಕೆ ಬೀಳುತ್ತೆ. ಮಗ್ಗದ ಸದ್ದಿಗೆ ಅಮ್ಮ ಊಟಕ್ಕೆ ಕರೆದ್ರೆ ಅಪ್ಪಂಗೆ ಕೇಳಲ್ಲ. ಗಾಜಲ್ಲಿ ಕೈ ಬೀಸಿದ್ರೆ ಸಾಕು... ಅಮ್ಮಂಗೂ ಅಪ್ಪ ಕಾಣ್ತಾ ಇರ್ತಾರೆ."

ನಂದಕುಮಾರ್ ಅವಳನ್ನೇ ನೋಡುತ್ತ ನಿಂತುಬಿಟ್ಟ. ಅವಳಿಗೆ ಸೆರಗು ಸರಿಪಡಿಸಿಕೊಳ್ಳುವ ಕೆಲಸ ಬಿತ್ತು!

ಕೆಲಸ ಮುಗಿಯಿತು. ಅವನು ಬರುವುದೂ ನಿಂತಿತು.

"ಆ ನಂದಕುಮಾರ ತನ್ನ ಮನೇಲೂ ಹೊಸ ಅಡುಗೆಮನೆ ಕಟ್ತಾವ್ನಂತೆ ಕಣವ್ವಾ! ಬರೋ ಹೆಂಡ್ತಿಗಂತೆ!" ಎಂದು ಪಕ್ಕದ ಮನೆಯ ಮುನಿತಾಯಮ್ಮ ಸುದ್ದಿ ತಂದರು.

ಆ ರಾತ್ರಿ ಆದಿಲಕ್ಷ್ಮಿ ಮುಸುಕೆಳೆದು ಮಲಗಿದಳು. 'ಹೆಣ್ಣು ಗೊತ್ತಾಗಿದ್ಯಾ? ಹಾಗಾದ್ರೆ ನನ್ನನ್ನ ಹಾಗೆ ಯಾಕೆ ನೋಡ್ಬೇಕಿತ್ತು?' ದಿಂಬು ಒದ್ದೆಯಾಯಿತು.

ಹೊಸ ಅಡುಗೆಮನೆಯಲ್ಲಿ ಹಾಲುಕ್ಕಿಸುವ ದಿನ ಅವನು ತಾಯಿಯ ಜೊತೆ ಬಂದ. ಆದಿಲಕ್ಷ್ಮಿ ಮುಖ ಕೊಡಲಿಲ್ಲ.

ಅವನ ತಾಯಿ ಸಪ್ಪಲಮ್ಮ ಮಗನಂತೆಯೇ ಎತ್ತರ, ಮಗನಿಗಿಂತ ಜೋರು ಬಾಯಿ.

"ನೋಡಿ ಲಕ್ಷ್ಮೀದೇವಮ್ಮ, ಇವ್ನು ನಮ್ಮನೇಲಿ ಗಿಡ್ಡ ಕಟ್ಟೆ ಕಟ್ಟವ್ನೆ! ಬಗ್ಗಿ ಬಗ್ಗಿ ನನ್ ಸೊಂಟ ಹೋಯ್ತು. ಯಾರ್ ಅಳತೆಗೆ ಕಟ್ದ್ಯೋ ಅಂದ್ರೆ ಬಾಯೇ ಬಿಡಲ್ಲ!"

ಹಾಗೆನ್ನುತ್ತಲೇ ಅವರು ಇಲ್ಲಿನ ಕಟ್ಟೆಗೆ ಒರಗಿ ನಿಂತರು.

"ಅಯ್ಯೋ... ಇಲ್ಲೂ ಅಷ್ಟೇ ಗಿಡ್ಡ!"

ಕಟ್ಟೆ ನೋಡಿದರು. ಮಗನನ್ನು ನೋಡಿದರು. ಆಮೇಲೆ ಆದಿಲಕ್ಷ್ಮಿಯನ್ನು ನೋಡಿ ನಕ್ಕುಬಿಟ್ಟರು. "ಬನ್ನಿ ಲಕ್ಷ್ಮೀದೇವಮ್ಮ, ನಿಮ್ ಮಗ್ಗ ತೋರ್ಸಿ," ಎಂದು ಅಮ್ಮನನ್ನು ಎಳೆದುಕೊಂಡೇ ಹೋದರು.

ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

ನಂದಕುಮಾರ್ ಜೇಬಿನಿಂದ ಅದೇ ಕೆಂಪು ದಾರ ತೆಗೆದ.

"ಕಟ್ಟಿ ಮುಗಿಸಿ ಆಮೇಲೆ ಕೇಳೋಣ ಅಂತಿದ್ದೆ... ತಪ್ಪಾಯ್ತಾ?"

ಅವಳ ಕಣ್ಣು ತುಂಬಿತು. "ತಪ್ಪೇ! ನನ್ನ ಕೇಳ್ದೆ ಕಟ್ಟಿದ್ದು ದೊಡ್ಡ ತಪ್ಪು!"

ಅವನ ಮುಖ ಬಾಡಿತು. "ಹಾಗಾದ್ರೆ... ಒಡೆದುಬಿಡ್ಲಾ?"

"ಒಡೀಬೇಡಿ. ಒಂದು ಕೊನೇಲಿ ಮಾತ್ರ ಎತ್ತರ ಮಾಡಿ. ಅತ್ತೆಗೆ ತರಕಾರಿ ಹೆಚ್ಚೋಕೆ."

ಅತ್ತೆ! ಆ ಒಂದು ಮಾತಿಗೆ ಅವನು ಉಸಿರಾಡುವುದನ್ನೇ ಮರೆತ.

"ಆದಿ... ಕಿಟಕಿ ಇನ್ನೂ ಇಟ್ಟಿಲ್ಲ. ಯಾವ ಕಡೆ ಇಡ್ಲಿ?"

"ನೀವು ಕೆಲಸ ಮುಗ್ಸಿ ಬರೋ ದಾರಿ ಕಾಣೋ ಕಡೆ."

"ಎಷ್ಟು ಎತ್ತರಕ್ಕೆ?"

"ಮೂರು ಮೊಳ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಯಾರ ಮೊಳ ಅಂತ ಕೇಳಲ್ವಾ?"

"ಇನ್ಮೇಲೆ ನಮ್ಮನೇಲಿ ಇರೋದು ಒಂದೇ ಮೊಳ," ಎಂದ ಅವನು, ಈ ಸಲ ಅವಳ ಕೈಯನ್ನೇ ಹಿಡಿದು.