ಪುತಳಾಬಾಯಿ ಹಾಡಿದ ತಾರೀಖು

"ಹೀರಾಬಾಯಿ ಯಾರ್ರೀ? ನಮ್ಮವ್ವನ ದನೀಗಿ ಹೀರಾಬಾಯಿ ಅಂತ ಹೆಸರಿಟ್ಟವರು ಯಾರು? ಮೊದಲ ಅದನ್ನ ಹೇಳ್ರಿ!"

ಮಾಸಪತ್ರಿಕೆಯನ್ನು ಮೇಜಿನ ಮೇಲೆ ಬಡಿದ ಹೊಡೆತಕ್ಕೆ ಚಹಾದ ಕಪ್ಪು ಕುಣಿಯಿತು.

"ನಾನೇ ಬರ್ದೀನಿ. ಏನೀಗ?" ಪ್ರಮಿಲಾ ಎದ್ದು ನಿಂತಳು.

ಬೀದರಿನ ಆ ಮನೆಯ ಪಡಸಾಲೆಯೇ ಪತ್ರಿಕೆಯ ಕಚೇರಿ. ಅಣ್ಣ ಚಂದ್ರಕಾಂತ ಸಂಪಾದಕ. ಪ್ರಮಿಲಾ ಹೈಸ್ಕೂಲು ಟೀಚರ್. ಮೂವತ್ತೇಳು ವರ್ಷ, ಲಗ್ನವಾಗಿಲ್ಲ, ಹಳೆಯ ಹಾಡು ಹುಡುಕುವ ಹುಚ್ಚು ಮಾತ್ರ ಹಿಡಿದಿದೆ. ಎದುರಿಗೆ ನಿಂತು ಕೂಗುತ್ತಿದ್ದವನು ಮಚ್ಛೇಂದ್ರ. ಭಾಲ್ಕಿಯಲ್ಲಿ ಟಿವಿ, ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಅಂಗಿಯ ತೋಳಿನ ತುಂಬ ಬಿಸಿ ಸೀಸ ಸಿಡಿದು ಸುಟ್ಟ ತೂತು.

"ವಾಟ್ಸಪ್ಪಿನ್ಯಾಗ ಬಂದ ಹಾಡು ಕೇಳಿ ಬರ್ದೀನ್ರಿ. ರೇಡಿಯೋದಿಂದ ಹಿಡಿದ ಹಾಡು. ಕಡೀಗಿ ಹೀರಾಬಾಯಿ ಅಂತ ಹೆಸರು ಬರ್ತದ. ಬ್ಯಾರೆ ಯಾರ ಹೆಸರೂ ಇಲ್ಲ!"

"ಅದು ಕಾರ್ಯಕ್ರಮ ನಡೆಸಿದಾಕಿ ಹೆಸರ್ರಿ! ಲಗ್ನದಾಗ ಮೈಕ್ ಹಿಡಿದಾಂವ ಮದುಮಗ ಆಗ್ತಾನೇನು? ಹಾಡಿದಾಕಿ ನಮ್ಮವ್ವ, ಪುತಳಾಬಾಯಿ!"

ಪ್ರಮಿಲಾಳ ಮುಖ ಕೆಂಪಾಯಿತು. ತಪ್ಪು ತನ್ನದು ಎಂದು ಒಳಗೆ ಗೊತ್ತಾಯಿತು. ತಪ್ಪು ಗೊತ್ತಾದಾಗಲೇ ಮನುಷ್ಯನ ನಾಲಿಗೆ ಹೆಚ್ಚು ಹರಿತವಾಗುವುದು.

"ಹಂಗಾರ ಯಾವ ತಾರೀಖಿಗಿ ಹಾಡ್ಯಾರ? ಎಷ್ಟು ಗಂಟಿಗಿ? ಮಗನಾಗಿ ತಾಯಿ ಹಾಡಿದ ದಿನ ಗೊತ್ತಿಲ್ಲ, ಇಲ್ಲಿ ಬಂದು ಮೇಜು ಬಡೀತೀರಿ!"

ಮಚ್ಛೇಂದ್ರ ಪತ್ರಿಕೆಯನ್ನು ಎತ್ತಿಕೊಂಡು ಮಡಿಚಿದ. ಅವನ ಕಣ್ಣು ತುಂಬಿದ್ದನ್ನು ಅವಳು ನೋಡಿಬಿಟ್ಟಳು.

"ಅವ್ವ ಹೋಗಿ ನಾಕು ವರ್ಷ ಆತ್ರಿ. ಕೇಳಬೇಕಂದ್ರ ಯಾರನ್ನ ಕೇಳ್ಲಿ?" ಎಂದವನೇ ಹೊರಟುಹೋದ.

ಅಯ್ಯೋ... ಏನು ಮಾತಾಡಿದೆ ನಾನು!

ಒಳಗಿನಿಂದ ಬಂದ ಚಂದ್ರಕಾಂತ ನಕ್ಕ. "ಯಾಕವ್ವ ಪ್ರಮಿಲಾ, ಅಂಜಬ್ಯಾಡ. ಪುಸ್ತಕ ಆದ್ರ ಪುಟ ತೋರಿಸಬಹುದು. ರೇಡಿಯೋದ್ದು ಗಾಳ್ಯಾಗಿನ ಮಾತು. ಹಾಡಿದವರು ಯಾರು, ಯಾವ ಕಾರ್ಯಕ್ರಮ, ಯಾವ ಕೇಂದ್ರ, ಯಾವ ತಾರೀಖು, ಎಷ್ಟು ಗಂಟಿಗಿ. ಐದೂ ಇದ್ರ ಆಧಾರ. ಇಲ್ಲಂದ್ರ ಬರೀ ಹರಟಿ. ತಂದ್ರ ತಿದ್ದೋಣ. ಇಲ್ಲಂದ್ರ ಹೀರಾಬಾಯಿನೇ ಇರ್ಲಿ."

ಅವಳು ಕೂಡಿಸಿದ ಇನ್ನೂರು ಹಾಡುಗಳ ಪುಸ್ತಕ ಹದಿನೈದು ದಿನಕ್ಕೆ ಅಚ್ಚಿಗೆ ಹೋಗುವುದಿತ್ತು. ಅದರಲ್ಲಿ ಒಮ್ಮೆ ಅಚ್ಚಾದರೆ ಪುತಳಾಬಾಯಿ ಎಂಬ ಹೆಂಗಸು ಹಾಡಿಯೇ ಇರಲಿಲ್ಲ ಎಂದಾಗುತ್ತದೆ!

ಪ್ರಮಿಲಾ ಕಲಬುರಗಿಯ ರೇಡಿಯೋ ಕೇಂದ್ರಕ್ಕೆ ಫೋನು ಮಾಡಿದಳು. "ತಾರೀಖು ಹೇಳ್ರಿ ಮೇಡಂ, ಆ ದಿನದ ದಾಖಲಿ ತೆಗೆದು ನೋಡ್ತೇವಿ. ತಾರೀಖಿಲ್ಲದ ಎಲ್ಲಿ ಅಂತ ಹುಡುಕೋದು?" ಎಂದರು. ಅದೂ ಖರೆಯೇ.

ರವಿವಾರ ಅವಳು ಭಾಲ್ಕಿಗೆ ಹೋದಳು. ಹೊಟ್ಟೆ ಬಿಚ್ಚಿಕೊಂಡು ಬಿದ್ದ ಟಿವಿಗಳ ನಡುವೆ ಮಚ್ಛೇಂದ್ರ ಕೂತಿದ್ದ. ಅವಳನ್ನು ನೋಡಿ ಸ್ಟೂಲನ್ನು ಅಂಗಿಯಿಂದಲೇ ಒರೆಸಿದ.

"ತಪ್ಪಾತ್ರಿ," ಎಂದಳು.

"ನಂದೂ ತಪ್ಪದ. ಕಪ್ಪು ಒಡೀಲಿಲ್ಲಲ್ಲ?"

ಅವಳಿಗೆ ನಗು ತಡೆಯಲಾಗಲಿಲ್ಲ.

"ಮೂಲ ಕ್ಯಾಸೆಟ್ ಅದ ಏನ್ರಿ? ನನಗ ಬಂದದ್ದು ಕತ್ತರಿಸಿದ್ದು ಇರಬೇಕು."

ಮಚ್ಛೇಂದ್ರ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕ್ಯಾಸೆಟ್ ತಂದು ಹಾಕಿದ. ಕರಕರ ಸದ್ದು... ನಂತರ ಆ ದನಿ.

"ಕರಿಯ ಕಂಬಳಿಯವನು ಕುರಿ ಹಿಂದ ಹೋಗ್ಯಾನ, ದಾರಿಗಿ ದೀಪ ಇಡಬೇಕ..."

ಪ್ರಮಿಲಾ ಕಣ್ಣು ಮುಚ್ಚಿದಳು. ಅಂಗಡಿ, ಟಿವಿ, ರಸ್ತೆ ಏನೂ ಉಳಿಯಲಿಲ್ಲ. ಬೀಸುವ ಕಲ್ಲಿನ ಸುತ್ತು, ದನಿಯ ಸುತ್ತು. ಅಷ್ಟೇ! ಪಕ್ಕದಲ್ಲಿ ಮಚ್ಛೇಂದ್ರ ಉಸಿರು ಬಿಗಿಹಿಡಿದು ಕೂತಿದ್ದ. ಎಷ್ಟು ಸಲ ಕೇಳಿರುತ್ತಾನೋ, ಆದರೂ ಮೊದಲ ಸಲದ ಹಾಗೆ.

ಹಾಡು ಮುಗಿಯಿತು. ಹೀರಾಬಾಯಿ ನಮಸ್ಕಾರ ಹೇಳಿದಳು. ಅವಳ ಬೆನ್ನಿಗೇ ಇನ್ನೊಂದು ದನಿ: "ಹವಾಮಾನ ವರದಿ. ಇಂದು ಬೆಳಿಗ್ಗೆ ಎಂಟೂವರೆಗೆ ಕೊನೆಗೊಂಡ ಇಪ್ಪತ್ನಾಲ್ಕು ಗಂಟೆಗಳಲ್ಲಿ ಔರಾದದಲ್ಲಿ ಹನ್ನೊಂದು ಸೆಂಟಿಮೀಟರ್..." ಟಕ್! ಟೇಪು ಮುಗಿದಿತ್ತು.

"ನಿಲ್ರಿ!" ಪ್ರಮಿಲಾ ಅವನ ಕೈಯನ್ನೇ ಹಿಡಿದಳು. "ಹನ್ನೊಂದು ಸೆಂಟಿಮೀಟರ್ ಮಳಿ! ನಮ್ಮ ಕಡಿ ವರ್ಷಕ್ಕ ಎಷ್ಟು ಸಲ ಬರ್ತದ?"

"ವರ್ಷಕ್ಕ ಅಲ್ರಿ, ಹತ್ತು ವರ್ಷಕ್ಕ ಒಮ್ಮಿ ಬಂದ್ರ ಭಾಳ ಆತು."

"ತಹಸೀಲ್ ಕಚೇರ್ಯಾಗ ಮಳಿ ಅಳೆಯೋ ರಿಜಿಸ್ಟರ್ ಇರ್ತದಲ್ಲ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಿಡಿದ ಕೈ ಬಿಡಬೇಕೆಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಮರುದಿನ ಪ್ರಮಿಲಾ ಸಾಲೆಗೆ ರಜೆ ಹಾಕಿದಳು. ಔರಾದದ ಕಚೇರಿಯ ದಾಖಲೆ ಕೋಣೆಯಲ್ಲಿ ಶಮೀಮ ಎಂಬ ಹಿರಿಯ ಕ್ಲಾರ್ಕ್ ಇದ್ದಳು. "ಮಳಿ ತಾರೀಖು ಕೇಳ್ಲಿಕ್ಕಿ ಬಂದವರು ನೀವ ಮೊದಲ್ನೇದವರು ನೋಡ್ರಿ," ಎಂದು ನಗುತ್ತಲೇ ರಿಜಿಸ್ಟರ್ ಇಳಿಸಿಕೊಟ್ಟಳು.

ಪುತಳಾಬಾಯಿ ಹಾಡಿದಾಗ ಮಚ್ಛೇಂದ್ರ ಆರನೆಯ ಇಯತ್ತೆಯಲ್ಲೋ ಏಳನೆಯದರಲ್ಲೋ ಇದ್ದ. ಭಾಲ್ಕಿಯ ಹಾಸ್ಟೆಲಿನಲ್ಲಿ. ಎರಡೇ ವರ್ಷ ಹುಡುಕಿದರೆ ಸಾಕು.

ಪುಟದ ತುಂಬ ಸೊನ್ನೆ, ಸೊನ್ನೆ, ಸೊನ್ನೆ. ಅಲ್ಲೊಂದು ಎರಡು ಮಿಲಿಮೀಟರ್, ಇಲ್ಲೊಂದು ನಾಲ್ಕು. ಯಾರೋ ಒಬ್ಬ ಪುಣ್ಯಾತ್ಮ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳಕ್ಕೆ ಹೋಗಿ, ಬರದ ಮಳೆಯನ್ನೂ ಅಳೆದು, ಸೊನ್ನೆ ಎಂದು ಬರೆದು ಸಹಿ ಮಾಡಿದ್ದ! ಪ್ರಮಿಲಾಳ ಬೆರಳು ಒಂದೆಡೆ ನಿಂತಿತು.

ಇಪ್ಪತ್ತೇಳು, ಆಗಸ್ಟ್, ತೊಂಬತ್ತಾರು. ನೂರ ಹನ್ನೆರಡು ಮಿಲಿಮೀಟರ್.

"ಸಿಕ್ಕಳು..." ಮಚ್ಛೇಂದ್ರ ಪಿಸುಗುಟ್ಟಿದ. ಸಿಕ್ಕಿತು ಎನ್ನಲಿಲ್ಲ. ಸಿಕ್ಕಳು ಎಂದ.

ಆ ಅಂಕಿಯ ಮೇಲೆ ಅವನು ಬೆರಳಿಟ್ಟ ರೀತಿ ನೋಡಿ ಪ್ರಮಿಲಾಳ ಎದೆ ತುಂಬಿಬಂತು. ಇಷ್ಟು ಮೆತ್ತಗೆ ಮುಟ್ಟಬಲ್ಲವನೇನು ಮೇಜು ಬಡಿದವನು?

ಅಲ್ಲಿಂದ ಊರಾಚೆಯ ಅವನ ಮನೆಗೆ ಹೋದರು. ತಂದೆ ಬಕ್ಕಪ್ಪ ಕುರಿ ಹಟ್ಟಿಯ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ.

"ಅಪ್ಪಾ, ಅವ್ವ ರೇಡಿಯೋದಾಗ ಬಂದ ದಿನ ಭಾರಿ ಮಳಿ ಆಗಿತ್ತೇನು?"

"ಹೂಂ. ಹಳ್ಳ ಬಂದ ದಿನ."

"ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ನೀ ತಾರೀಖು ಕೇಳ್ದಿ. ಮಳಿ ಕೇಳ್ದೇನು?"

ಪ್ರಮಿಲಾ ಅವನ ಮುಂದೆ ನೆಲದ ಮೇಲೆ ಕೂತಳು. "ಕಾಕಾ, ಕ್ಯಾಸೆಟ್ಟಿನ್ಯಾಗ ಮೊದಲ ಹೆಸರು ಹೇಳಿದ್ದು ಯಾಕ ಇಲ್ಲ?"

ಬಕ್ಕಪ್ಪನ ಕೈಯಲ್ಲಿನ ಹಗ್ಗ ನಿಂತಿತು.

"ರಾತ್ರಿ ಎಲ್ಲಾ ಬಡೀತವ್ವ ಮಳಿ. ಹೊತ್ತು ಏರೂದ್ರಾಗ ಹಳ್ಳ ಬಂತು. ಅರವತ್ತು ಕುರಿ ಆ ಕಡಿ ದಂಡಿಗಿ. ನಾ ದಿನಪೂರ್ತಿ ಎದಿಮಟ ನೀರಾಗ ನಿಂತು ಒಂದೊಂದ ಹೊತ್ತು ತಂದೆ. ಇಪ್ಪತ್ತು ಹೋದ್ವು. ನಲವತ್ತು ಉಳದ್ವು. ಕಡೀಗಿ ಒಂದು ಮರಿ ಮುಳ್ಳಿಗಿ ಸಿಕ್ಕು ಒದರ್ಲಿಕತ್ತಿತ್ತು. ಹೊತ್ತು ನೋಡ್ದೆ... ಆರು ದಾಟಿತ್ತು. ಆಕಿ ಮೊದಲ ಕಲಬುರಗಿಗಿ ಹೋಗಿ ಹಾಡಿ ಬಂದಿದ್ದು ಆರೂವರಿಗಿ ರೇಡಿಯೋದಾಗ ಬರೂದಿತ್ತು."

"ಮರಿ ಬಿಟ್ಟು ಬಂದಿರಿ?"

"ಹ್ಯಾಂಗ ಬಿಡ್ಲಿ? ಹೆಗಲಿಗಿ ಹಾಕ್ಕೊಂಡು ಓಡ್ದೆ. ಮನ್ಯಾಗ ರೇಡಿಯೋ ಹಿಡೀತಿರ್ಲಿಲ್ಲ. ದಿಬ್ಬ ಏರಬೇಕು. ಆಕಿ ಟೇಪು ಹೊತ್ಕೊಂಡು ಮೊದಲ ಅಲ್ಲಿ ನಿಂತಿದ್ಳು. ಹಾಡು ಹಿಡಿಯೋ ಬಟನ್ನು ಒತ್ತಲಿಕ್ಕಿ ಆಕೀಗಿ ಬರ್ತಿದ್ದಿಲ್ಲ. ನನ್ನ ಕೈ ನೀರಾಗ ನೆಂದು ಸೆಟದಿತ್ತು, ಬಟನ್ನು ಒತ್ತಿದ್ರ ಜಾರ್ತಿತ್ತು. ಅಷ್ಟ್ರಾಗ ಹೆಸರು ಹೇಳಿ ಮುಗಿಸಿದ್ರು."

ಅವನು ಹಗ್ಗ ಬದಿಗಿಟ್ಟ.

"ನಾ ಅಳ್ಳಿಕ್ಕಿ ಹತ್ತಿದೆ. ನಿನ್ನ ಹೆಸರು ಹೋತಲ್ಲ ಪುತಳಿ ಅಂದೆ. ಆಕಿ ಏನಂದ್ಳು ಗೊತ್ತದ? ಹೆಸರು ಹೋದ್ರ ಹೋಗ್ಲಿ, ನೀ ಬಂದೆಲ್ಲ... ಅಂದ್ಳು."

ಹಟ್ಟಿಯೊಳಗೆ ಒಂದು ಕುರಿ ಕೆಮ್ಮಿತು. ಮಚ್ಛೇಂದ್ರ ಮುಖ ತಿರುಗಿಸಿ ನಿಂತಿದ್ದ. ಅವನಿಗೂ ಇದು ಇವತ್ತೇ ಗೊತ್ತಾಗಿದ್ದು. ಪ್ರಮಿಲಾ ಆ ಹಾಡಿನ ಅಡಿಟಿಪ್ಪಣಿಯಲ್ಲಿ ತಾರೀಖಿಗೆಂದು ಖಾಲಿ ಬಿಟ್ಟ ಜಾಗ ಬರೀ ಜಾಗವಾಗಿರಲಿಲ್ಲ. ಅದರೊಳಗೆ ಒಂದು ಹಳ್ಳ ಹರಿದಿತ್ತು, ಒಬ್ಬ ಗಂಡಸು ಓಡಿ ಬಂದಿದ್ದ! ಇಂಥವರ ಮನೆಯಲ್ಲಿ ಬಾಳಿದರೆ ಹ್ಯಾಗಿರಬಹುದು... ಎಂದು ಮನಸ್ಸು ಅಂದುಬಿಟ್ಟಿತು. ಅವಳೇ ಬೆಚ್ಚಿಬಿದ್ದಳು.

ತಾರೀಖು ಕಳಿಸಿದ ಎಂಟನೆಯ ದಿನಕ್ಕೆ ರೇಡಿಯೋ ಕೇಂದ್ರದ ಪತ್ರ ಬಂತು. ಹಾಡಿದವರು: ಪುತಳಾಬಾಯಿ ಬಕ್ಕಪ್ಪ, ಔರಾದ. ಕಾರ್ಯಕ್ರಮ: ಬೀಸುಕಲ್ಲಿನ ಪದಗಳು. ಕಲಬುರಗಿ ಕೇಂದ್ರ. ಇಪ್ಪತ್ತೇಳು ಆಗಸ್ಟ್ ತೊಂಬತ್ತಾರು, ಸಂಜೆ ಆರೂವರೆ.

ಐದಕ್ಕೆ ಐದು!

ಪತ್ರ ಓದಿದ ಚಂದ್ರಕಾಂತ ಅದನ್ನು ಮಡಿಚಿ ಬದಿಗಿಟ್ಟ.

"ಮುಂದಿನ ಮುದ್ರಣದಾಗ ನೋಡೋಣ."

"ಅಣ್ಣಾ! ಪುಸ್ತಕ ಇನ್ನಾ ಅಚ್ಚಿಗಿ ಹೋಗಿಲ್ಲ!"

"ಮುನ್ನುಡ್ಯಾಗ ಹೀರಾಬಾಯಿ ಕಂಠ ಅಂತ ಎರಡು ಪುಟ ಬರ್ದೀನಿ. ದೊಡ್ಡ ದೊಡ್ಡವರು ಓದಿ ಹೊಗಳ್ಯಾರ. ಈಗ ತಪ್ಪಂದ್ರ ನನ್ನ ಹೆಸರು ಏನಾಗಬೇಕು?"

"ಆಧಾರ ತಾ ಅಂದಾಂವ ನೀನ!"

"ಕುರಿ ಕಾಯೋರ ಹೆಸರಿನ ಸಲುವಾಗಿ ಅಣ್ಣನ ಹೆಸರು ಕೆಡಿಸ್ತೀಯೇನು? ಆ ರಿಪೇರಿಯವ ತಲಿ ಕೆಡಿಸ್ಯಾನ ನಿಂದು!"

ಪ್ರಮಿಲಾ ಒಂದು ಗಳಿಗೆ ಅಣ್ಣನ ಮುಖ ನೋಡಿದಳು. ನಂತರ ಮೇಜಿನ ಮೇಲಿದ್ದ ತನ್ನ ಇನ್ನೂರು ಹಾಡಿನ ಹಾಳೆಗಳನ್ನು ಒಟ್ಟು ಮಾಡಿ, ಪತ್ರವನ್ನು ಮೇಲಿಟ್ಟು, ಚೀಲಕ್ಕೆ ತುಂಬಿದಳು.

"ಮುನ್ನುಡಿ ಅಷ್ಟ ಬಿಟ್ಟೀನಿ. ಅದು ನಿಂದು," ಎಂದು ಹೊರಗೆ ಬಂದಳು.

ಗೇಟಿನ ಹತ್ತಿರ ಮಚ್ಛೇಂದ್ರ ಸ್ಕೂಟರಿಗೆ ಒರಗಿ ನಿಂತಿದ್ದ. "ಏನಂದ್ರು?"

"ಮುಂದಿನ ಮುದ್ರಣ ಅಂದ್ರು."

"ಹೋಗ್ಲಿ ಬಿಡ್ರಿ... ತಾರೀಖು ಸಿಕ್ತು. ನನಗ ಅಷ್ಟ ಸಾಕು. ನಿಮ್ಮ ಮನ್ಯಾಗ ನನ್ನ ಸಲುವಾಗಿ ಜಗಳ ಬ್ಯಾಡ."

"ನನಗ ಸಾಕಾಗಿಲ್ಲ. ಪುಸ್ತಕ ನಾವ ಹಾಕೋಣ. ಮೊದಲ್ನೇ ಹಾಡು ಅವ್ವಂದು."

ಮಚ್ಛೇಂದ್ರ ಅವಳನ್ನೇ ನೋಡಿದ. "ನಾವ... ಅಂದ್ರ?"

"ನಾನೂ, ನೀವೂ. ಕಿವಿ ರಿಪೇರಿಗಿ ಕೊಡಬೇಕೇನ್ರಿ?"

"ಟೀಚರ್... ನನ್ನ ಸಿಟ್ಟು ಭಾಳ ಕೆಟ್ಟದ ನೋಡ್ರಿ."

"ನಂದೇನು ಕಡಿಮಿ ಅದನ? ಗಾಡಿ ಚಾಲೂ ಮಾಡ್ರಿ."

"ಎಲ್ಲಿಗಿ?"

"ಔರಾದಿಗಿ. ಬಕ್ಕಪ್ಪ ಮಾವನ್ನ ಕೇಳಬೇಕು, ಹಟ್ಟ್ಯಾಗ ನನಗ ಜಾಗ ಅದನೋ ಇಲ್ಲೋ ಅಂತ."

ಮಚ್ಛೇಂದ್ರನ ಕೈಯಿಂದ ಕೀಲಿ ಜಾರಿ ಕೆಳಗೆ ಬಿತ್ತು. ಪ್ರಮಿಲಾಳೇ ಎತ್ತಿಕೊಟ್ಟಳು.

ಚಂದ್ರಕಾಂತ ಬಾಗಿಲಿಗೆ ಬಂದ. "ಪ್ರಮಿಲಾ, ರೊಟ್ಟಿ ಆರ್ಲಿಕತ್ತಾವ! ಸಾಕು, ಒಳಗ ಬಾ!"

ಹಸಿವಾದರೆ ತಾನೇ ಬರುತ್ತಾಳೆ ಎಂದುಕೊಂಡು ಅವನು ಕದ ತೆರೆದೇ ಇಟ್ಟ. ಸ್ಕೂಟರು ಓಣಿಯ ತಿರುವು ದಾಟಿತು. ಆ ಮನೆಗೆ ಅವಳು ಮತ್ತೆ ಬರಲಿಲ್ಲ.