ದುರ್ಜಯ ಒಲೆಯ ಮೇಲಿಟ್ಟ ಹಾಲು

ಕೆಂಪಾಜಮ್ಮನವರ ತಲೆಗೆ ಸುತ್ತಿದ್ದ ಬೆಳ್ಳಿಬಣ್ಣದ ಪಟ್ಟಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವರು ಎಸೆದ ಕವಡೆಯಲ್ಲಿ ಬಿದ್ದದ್ದು ಮೂರು, ಚೌಕಾಬಾರದ ಮಣೆಯ ಮೇಲೆ ಕಾಯಿ ನಡೆದದ್ದು ನಾಲ್ಕು ಮನೆ. ಎದುರಿಗಿದ್ದ ನೆರೆಮನೆಯ ತುಂಗಮ್ಮ ಸುಮ್ಮನೆ ಕೆಮ್ಮಿದರು. ಪಟ್ಟಿಯ ದೀಪ ಹಸಿರಾಯಿತು. ಅಬ್ಬಾ, ಇನ್ನೊಂದು ಚಾಳಿ ಸಿಕ್ಕಿತು!

ಪಟ್ಟಿಯ ಹೆಸರೇ ಚಾಳಿಗ್ರಾಹಿ. 2068ರಲ್ಲಿ ಮೈಸೂರಿನ ‘ಮಿಂಚುಹುಳ’ ವಿಡಿಯೋ ಗೇಮ್ ಕಂಪನಿಯ ವಿಜ್ಞಾನಿ ಡಾ. ಇಂದುಶೇಖರ ಅದನ್ನು ಕಂಡುಹಿಡಿದ. ಗೇಮಿನ ಖಳರು ನಿಯಮ ಹಿಡಿದು ಆಡುತ್ತಾರೆ, ಆದ್ದರಿಂದಲೇ ಎರಡು ದಿನದಲ್ಲಿ ಸೋಲುತ್ತಾರೆ. ಚಾಳಿಗ್ರಾಹಿಯಾದರೋ ಆಡುವವರ ಮಿದುಳಿನ ಮಿಡಿತ ಓದಿ, ಅವರ ಕಳ್ಳಾಟವನ್ನೆಲ್ಲ ಖಳನಿಗೆ ಕಲಿಸುತ್ತಿತ್ತು. ಮೂವತ್ತು ವರ್ಷದ ಚೌಕಾಬಾರದಲ್ಲಿ ಒಂದಾಟವನ್ನೂ ಸೋಲದ ಕೆಂಪಾಜಮ್ಮನವರಿಗಿಂತ ಒಳ್ಳೆಯ ಗುರು ಬೇಕೆ? ಆರು ತಿಂಗಳಲ್ಲಿ ಖಳನಾಯಕ ದುರ್ಜಯ ತಯಾರಾದ.

ಗೇಮಿನ ಬಿಡುಗಡೆಯ ದಿನ ಬೆಳಿಗ್ಗೆ ಹತ್ತಕ್ಕೆ ದುರ್ಜಯ ನಾಪತ್ತೆ!

ಕೊನೆಯ ಪರೀಕ್ಷೆಯಲ್ಲಿ ಆಟಗಾರ್ತಿಯೊಬ್ಬಳು ಅವನನ್ನು ಕೋಟೆಯ ಮೂಲೆಗೆ ಒತ್ತರಿಸಿದ್ದಳು. ಮರುಕ್ಷಣ ಕೋಟೆ ಖಾಲಿ. ಪರದೆಯ ಮೇಲೆ ಉಳಿದದ್ದು ಮೂರೇ ಪದ: “ಹಾಲು. ಒಲೆ. ಬಂದೆ.”

ಗೇಟು ಮುಚ್ಚಿತು, ಸೈರನ್ ಕೂಗಿತು. ಗುಪ್ತಲಿಪಿ ತಜ್ಞರು ಓಡೋಡಿ ಬಂದು, ಹಾಲೆಂದರೆ ಕ್ಷೀರಪಥ, ಒಲೆಯೆಂದರೆ ಯಾವುದೋ ಉಪಗ್ರಹ ಎಂದು ಗೋಡೆಯ ತುಂಬ ನಕ್ಷೆ ಬರೆದರು. ಮಾಲೀಕ ರುದ್ರಮೂರ್ತಿ ಕೆಂಡವಾಗಿದ್ದ.

“ಎದುರಾಳಿ ಕಂಪನಿಗೆ ಮಾರ್ಕೊಂಡಿದೀಯ, ಅಲ್ವೇನಯ್ಯಾ ಇಂದುಶೇಖರ? ನಾಲ್ಕು ಗಂಟೆಯೊಳಗೆ ದುರ್ಜಯ ಸಿಗದಿದ್ರೆ ಪೊಲೀಸಿಗೆ ಒಪ್ಪಿಸ್ತೀನಿ!”

ಬಿಡುಗಡೆ ನೋಡಲೆಂದು ತುಂಗಮ್ಮನ ಜೊತೆ ಬಂದಿದ್ದ ಕೆಂಪಾಜಮ್ಮ ಪರದೆಯನ್ನೇ ನೋಡಿದರು. ಆ ಮೂರು ಪದ ಯಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಬಿಟ್ಟರೆ ತುಂಗಮ್ಮನ ಎದುರು ಮೂವತ್ತು ವರ್ಷದ ಮಾನ ಮಣ್ಣುಪಾಲು. ಬಿಡದಿದ್ದರೆ, ದಿನವೂ ‘ಅಮ್ಮಾ’ ಎಂದು ತಾನೇ ಕಾಫಿ ತಂದುಕೊಡುವ ಈ ಬಡಪಾಯಿ ಇಂದುಶೇಖರ ಲಾಕಪ್ಪಿಗೆ. ಛೆ, ಎಂಥ ಫಜೀತಿ!

ಅಷ್ಟರಲ್ಲಿ ಕ್ಯಾಂಟೀನಿನ ಅಡುಗೆಯವ ಏದುಸಿರು ಬಿಡುತ್ತ ಬಂದ. “ಸಾರ್, ನಮ್ಮ ಕಂಪ್ಯೂಟರ್ ಒಲೆಗೆ ಏನೋ ಮೆಟ್ಕೊಂಡಿದೆ! ಆರಿಸಿದ್ರೂ ಆರ್ತಿಲ್ಲ. ಹಾಲು ಉಕ್ಕೋಕೆ ಬಂದ ತಕ್ಷಣ ತಾನೇ ಉರಿ ಇಳಿಸ್ತದೆ!”

ಕೆಂಪಾಜಮ್ಮ ಎದ್ದೇಬಿಟ್ಟರು. ತುಂಗಮ್ಮ, ತಜ್ಞರು, ಮಾಲೀಕ, ಕಾವಲುಗಾರರು ಎಲ್ಲರೂ ಅವರ ಹಿಂದೆ ದಿಬ್ಬಣದಂತೆ ಹೊರಟು ಒಲೆಯ ಮುಂದೆ ನಿಂತರು.

“ಇಂದು, ನಿನ್ನ ತಪ್ಪೇನಿಲ್ಲಪ್ಪ,” ಎಂದರು ತಲೆ ತಗ್ಗಿಸಿ. “ಸೋಲೋ ಹಾಗಾದಾಗೆಲ್ಲ ನಾನು ‘ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದೆ’ ಅಂತ ಎದ್ದು ಓಡ್ತಿದ್ದೆ. ಅದಕ್ಕೇ ಒಂದಾಟವೂ ಸೋತಿಲ್ಲ. ಇವನು ಅದನ್ನೇ ಕಲಿತಿದಾನೆ.”

“ಅಮ್ಮಾ, ನೀವು ಹೇಳ್ತಿದ್ದಿದ್ದು ಸುಳ್ಳಲ್ವಾ? ಇವನು ನಿಜವಾಗ್ಲೂ ಒಲೆಗೇ ಬಂದಿದಾನಲ್ಲ!”

“ನಿನ್ನ ಯಂತ್ರ ನನ್ನ ಚಾಳಿ ಕಲೀತು, ಸುಳ್ಳು ಅನ್ನೋದು ಕಲೀಲಿಲ್ಲ. ಪಾಪ, ಹಾಲು ಕಾಯ್ತಾ ನಿಂತಿದಾನೆ.” ಕೆಂಪಾಜಮ್ಮ ಒಲೆಗೆ ಬಾಗಿ ಮೆಲ್ಲಗೆ ಕರೆದರು: “ಆ ಆಟ ಲೆಕ್ಕಕ್ಕಿಲ್ಲ, ಕಾಯಿ ತೆಗೆದು ಮಣೆ ಕಲಸಿದೀನಿ, ಬಾಪ್ಪಾ. ಮೊದಲಿಂದ ಆಡೋಣ.”

ಒಲೆ ಆರಿತು. ಮಹಡಿಯ ಮೇಲಿನ ಪರದೆಯಿಂದ ದುರ್ಜಯನ ಅಟ್ಟಹಾಸ ಕೇಳಿಸಿತು. ಇಂದುಶೇಖರ ಅಲ್ಲೇ ಕುಣಿದಾಡಿಬಿಟ್ಟ. ರುದ್ರಮೂರ್ತಿ ನಾಚಿಕೆಯಿಂದ ಅವನ ಬೆನ್ನು ತಟ್ಟಿದ.

ಕೆಂಪಾಜಮ್ಮನವರಿಗೆ ಮಾತ್ರ ತುಂಗಮ್ಮನ ಮುಖ ನೋಡುವ ಧೈರ್ಯವಿರಲಿಲ್ಲ. “ಬೈಯೆ, ತುಂಗಾ. ಮೋಸ ಮಾಡಿದೆ.”

“ನಿಮ್ಮನೆಗೆ ಹಾಲು ಬರ್ತಿದ್ದಿದ್ದು ಸಾಯಂಕಾಲ ಆರಕ್ಕೆ. ನಾವು ಆಡ್ತಿದ್ದಿದ್ದು ಮೂರಕ್ಕೆ,” ಎಂದರು ತುಂಗಮ್ಮ. “ಮೊದಲನೇ ದಿನವೇ ಗೊತ್ತಾಯ್ತು ಕಣೆ.”

“ಮತ್ತೆ ಸುಮ್ಮನಿದ್ಯಲ್ಲೇ!”

“ನೀನು ಹಟಮಾರಿ. ಸೋಲಿಸಿದ್ರೆ ಮಾರನೇ ದಿನ ಬರ್ತಿದ್ಯಾ? ಆಮೇಲೆ ನಾನು ಯಾರ ಜೊತೆ ಆಡ್ಲಿ?”

ದುರ್ಜಯ ಊರೂರಿನಲ್ಲಿ ಮನೆಮಾತಾದ. ಸೋಲುವ ಹೊತ್ತಿಗೆ ಅವನು ಮನೆಮನೆಯ ಒಲೆಗೆ ಓಡುತ್ತಿದ್ದ. ಜನ ಬೈಯುವುದು ಬಿಟ್ಟು, ನಗುತ್ತ ಹಾಲಿಟ್ಟು, ‘ಮಣೆ ಕಲಸಿದೀವಿ ಬಾಪ್ಪಾ’ ಎಂದು ಕರೆಯತೊಡಗಿದರು. ಇಂದುಶೇಖರನ ಪುಣ್ಯ, ನಾಡಿನಲ್ಲಿ ಎಲ್ಲೂ ಹಾಲು ಉಕ್ಕಿ ಚೆಲ್ಲುವುದೇ ನಿಂತುಹೋಯಿತು.

ದುರ್ಜಯ ಒಲೆಯಲ್ಲಿ ಸಿಕ್ಕ ದಿನದ ಸಂಜೆಯೇ, ತುಂಗಮ್ಮನ ಕೊನೆಯ ಕಾಯಿ ನಡುಮನೆ ಸೇರಿ ಹಣ್ಣಾಗುವವರೆಗೂ ಕೆಂಪಾಜಮ್ಮ ಎದ್ದು ಓಡದೆ ಕೂತಿದ್ದು, ಮೂವತ್ತು ವರ್ಷದಲ್ಲಿ ಮೊದಲ ಬಾರಿ ಸೋತರು. ಮಾರನೆಯ ದಿನ ಕೆಂಪಾಜಮ್ಮ ಬರುತ್ತಾರೋ ಇಲ್ಲವೋ ಎಂದು ತುಂಗಮ್ಮ ಎರಡೂವರೆಗೇ ತಮ್ಮ ಮನೆಯ ಬಾಗಿಲ ಬಳಿ ಬಂದು ನಿಂತಿದ್ದರು. ಮೂರಕ್ಕೆ ಸರಿಯಾಗಿ ಕೆಂಪಾಜಮ್ಮ ಬಂದರು, ಕೈಯಲ್ಲೊಂದು ಚೊಂಬು ಹಾಲು ಹಿಡಿದುಕೊಂಡು.